ಓಪನ್ ಸೋರ್ಸ್ ಡಾಕ್ಯುಮೆಂಟೇಶನ್: ಓದುಗರ ಪ್ರಶ್ನೆ ಹಿಡಿದು ಜೋಡಿಸುವ ಬಗೆ

ಬ್ಯಾಕಪ್ ತೆಗೆಯುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಡಾಕ್ಯುಮೆಂಟೇಶನ್, ಅಂದರೆ ಬಳಸುವವರಿಗೆ ದಾರಿ ತೋರಿಸುವ ಪುಟಗಳನ್ನು, ನಾನು ನೋಡಿಕೊಳ್ಳುತ್ತೇನೆ. ಕೋಡ್ ಬರೆಯುವವರು ಬೇರೆ. ನಮ್ಮ ಪುಟಗಳಿಗೆ ಬರುವವರಲ್ಲಿ ಕೆಲವರು ಹೊಸದಾಗಿ ಶುರು ಮಾಡಿದವರು, ಇನ್ನು ಕೆಲವರು ಡಿಸ್ಕ್ ಕೆಟ್ಟು ಗಾಬರಿಯಲ್ಲಿ ಇರುವವರು. ಇಬ್ಬರಿಗೂ ಒಂದೇ ಪುಟ ಕೊಟ್ಟರೆ ಯಾರಿಗೂ ಉಪಯೋಗ ಆಗುವುದಿಲ್ಲ. ಹಾಗಾಗಿ ಯಾವ ಪುಟ ಮುಟ್ಟಿದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದನ್ನು ತೆರೆದವರು ಯಾವ ಪ್ರಶ್ನೆ ಹಿಡಿದು ಬಂದಿದ್ದಾರೆ?

ಬರೆಯುವುದಕ್ಕೆ ಮುಂಚೆ ಪ್ರಶ್ನೆಗಳನ್ನು ಒಟ್ಟು ಮಾಡಿ. ಬಳಸುವವರು ತೊಂದರೆ, ಪ್ರಶ್ನೆಗಳನ್ನು ದಾಖಲಿಸುವ ಇಶ್ಯೂ ಟ್ರ್ಯಾಕರ್ ತೆರೆದು, ಮುಚ್ಚಿಹೋದ ಇಶ್ಯೂಗಳನ್ನೂ ಓದಿ. ಅವುಗಳಲ್ಲಿ ಎಷ್ಟೋ ಬಗ್‌ಗಳೇ ಅಲ್ಲ, ‘ಇದನ್ನು ಹೇಗೆ ಮಾಡೋದು’ ಎಂಬ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ನಮ್ಮ ಡೆವಲಪರ್‌ಗಳು ‘ಸ್ನ್ಯಾಪ್‌ಶಾಟ್ ರಿಸ್ಟೋರ್’ ಅನ್ನುತ್ತಾರೆ. ಬಳಸುವವರು ಕೇಳುವುದು ‘ಡಿಲೀಟ್ ಆದ ಫೈಲ್ ವಾಪಸ್ ಪಡೆಯೋದು ಹೇಗೆ’ ಅಂತ. ತಲೆಬರಹ ಎರಡನೆಯದೇ ಆಗಬೇಕು, ಯಾಕೆಂದರೆ ಅವರು ಹುಡುಕುವಾಗ ಟೈಪ್ ಮಾಡುವುದೂ ಅದನ್ನೇ. ಎರರ್ ಮೆಸೇಜ್‌ಗಳನ್ನೂ ಸ್ಕ್ರೀನ್ ಮೇಲೆ ಬರುವ ಹಾಗೆಯೇ, ಒಂದಕ್ಷರ ಬದಲಿಸದೆ ಪುಟದಲ್ಲಿ ಹಾಕಿ. ಜನ ಆ ಸಾಲನ್ನೇ ಕಾಪಿ ಮಾಡಿ ಹುಡುಕುತ್ತಾರೆ.

ಪ್ರಶ್ನೆಗಳು ಕೈಗೆ ಬಂದ ಮೇಲೆ ಅವನ್ನು ವಿಂಗಡಿಸಬೇಕು. ಇದಕ್ಕೆ ಡ್ಯಾನಿಯೆಲೆ ಪ್ರೊಚಿಡಾ ಅವರ ‘ಡಯಾಟಾಕ್ಸಿಸ್’ ಎಂಬ ಪದ್ಧತಿ ನನಗೆ ತುಂಬ ಹಿಡಿಸಿದೆ. ಪುಟಗಳಲ್ಲಿ ನಾಲ್ಕೇ ಬಗೆ: ಕೈಹಿಡಿದು ಕಲಿಸುವ ಟ್ಯುಟೋರಿಯಲ್, ಒಂದು ಕೆಲಸ ಮಾಡಿ ಮುಗಿಸಲು ಬೇಕಾದ ಹೌ-ಟು, ವಿವರ ನೋಡಿಕೊಳ್ಳುವ ರೆಫರೆನ್ಸ್, ಮತ್ತು ಹೀಗೇಕೆ ಎಂದು ತಿಳಿಸುವ ವಿವರಣೆ. ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ಎಂಬ ಸಾಫ್ಟ್‌ವೇರ್‌ನ ಡಾಕ್ಯುಮೆಂಟೇಶನ್ ತೆರೆದು ನೋಡಿ, ಹೆಚ್ಚುಕಡಿಮೆ ಇದೇ ವಿಂಗಡಣೆ ಕಾಣುತ್ತದೆ. ಹೆಸರುಗಳನ್ನು ಮೆನುವಿನಲ್ಲಿ ಹಾಕಲೇಬೇಕು ಅಂತೇನಿಲ್ಲ. ಒಂದು ಪುಟ ಒಂದೇ ಬಗೆಯದ್ದಾಗಿರಬೇಕು, ಅದು ಮುಖ್ಯ.

ಜಾಸ್ತಿ ಕಲಬೆರಕೆ ಆಗುವುದು ಟ್ಯುಟೋರಿಯಲ್‌ನಲ್ಲಿ. ಓದುಗರು ಮೊದಲ ಬ್ಯಾಕಪ್ ತೆಗೆಯುವ ಹೊತ್ತಿಗೇ ಎನ್‌ಕ್ರಿಪ್ಶನ್‌ನ ಎಲ್ಲ ಆಪ್ಶನ್‌ಗಳ ಪಟ್ಟಿ ಬಂದುಬಿಡುತ್ತದೆ. ಕಲಿಯುವವರಿಗೆ ಅಲ್ಲಿ ಯಾವುದನ್ನೂ ಆರಿಸುವ ಕೆಲಸ ಕೊಡಬೇಡಿ. ನಮ್ಮ ಟ್ಯುಟೋರಿಯಲ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿಸುತ್ತೇವೆ. ಅದರಲ್ಲಿ ಎರಡು ಪುಟ್ಟ ಟೆಕ್ಸ್ಟ್ ಫೈಲ್ ಇಡಿಸಿ, ಬ್ಯಾಕಪ್ ತೆಗೆಸಿ, ಒಂದನ್ನು ಡಿಲೀಟ್ ಮಾಡಿಸಿ, ವಾಪಸ್ ತರಿಸುತ್ತೇವೆ. ಡಿಲೀಟ್ ಆದ ಫೈಲ್ ಮತ್ತೆ ಕಣ್ಣೆದುರು ಬಂದಾಗ ಈ ಸಾಫ್ಟ್‌ವೇರ್ ಮೇಲೆ ನಂಬಿಕೆ ಹುಟ್ಟುತ್ತದೆ, ಅಲ್ವಾ? ಉಳಿದದ್ದನ್ನು ಆಮೇಲೆ ಓದಿಕೊಳ್ಳುತ್ತಾರೆ.

ಇನ್ನು ಫೈಲ್ ವಾಪಸ್ ಪಡೆಯುವ ಹೌ-ಟು ಪುಟ. ನನಗೆ ಎಲ್ಲಕ್ಕಿಂತ ಮುಖ್ಯವಾದ ಪುಟ ಇದು. ಅದರ ಮೊದಲ ಸಾಲು: ‘ಕೆಟ್ಟ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಸೇವ್ ಮಾಡಬೇಡಿ.’ ಅದಾದ ಮೇಲೆ, ಇರುವ ಬ್ಯಾಕಪ್‌ಗಳ ಪಟ್ಟಿ ತೋರಿಸುವ ಕಮಾಂಡ್. ಆಮೇಲೆ ಬೇಕಾದ ಫೈಲನ್ನು ಬೇರೆ ಡಿಸ್ಕ್‌ನ ಖಾಲಿ ಫೋಲ್ಡರ್‌ಗೆ ತರುವ ಕಮಾಂಡ್. ಹಳೆಯ ಜಾಗಕ್ಕೇ ತಂದರೆ ಅಲ್ಲಿ ಉಳಿದಿರುವುದರ ಮೇಲೆ ಬರೆದುಬಿಡುವ ಅಪಾಯ ಇದೆ. ಕೊನೆಗೆ, ಫೈಲ್ ತೆರೆದು ಸರಿ ಇದೆಯಾ ನೋಡಿ ಎಂಬ ಸೂಚನೆ. ಎಚ್ಚರಿಕೆಯ ಮಾತು ಯಾವಾಗಲೂ ಕಮಾಂಡ್‌ಗಿಂತ ಮೇಲೆ ಇರಬೇಕು. ಗಾಬರಿಯಲ್ಲಿ ಇರುವವರು ಕಮಾಂಡ್ ಕಂಡ ತಕ್ಷಣ ಎಂಟರ್ ಒತ್ತುತ್ತಾರೆ, ಕೆಳಗಿನ ಸಾಲು ಓದುವಷ್ಟು ವ್ಯವಧಾನ ಅವರಿಗೆ ಇರುವುದಿಲ್ಲ. ಬ್ಯಾಕಪ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಗೆ ಪುಟದ ತಳದಲ್ಲಿ ಒಂದು ಲಿಂಕ್ ಸಾಕು.

ರೆಫರೆನ್ಸ್ ಪುಟಗಳನ್ನು ಆದಷ್ಟು ಕೋಡ್‌ನಿಂದಲೇ ಹುಟ್ಟುವ ಹಾಗೆ ಮಾಡಿ. ಪೈಥಾನ್ ಭಾಷೆಯ ಪ್ರಾಜೆಕ್ಟ್ ಆದರೆ, ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಎಂಬ ಟೂಲ್‌ನ ಆಟೋಡಾಕ್, ಡಾಕ್‌ಸ್ಟ್ರಿಂಗ್‌ಗಳನ್ನು (ಕೋಡ್ ಒಳಗೇ ಬರೆದ ವಿವರಣೆಗಳನ್ನು) ಎತ್ತಿ ಪುಟ ಮಾಡಿಕೊಡುತ್ತದೆ. ಸ್ಫಿಂಕ್ಸ್ 2008ರಲ್ಲಿ ಬಂದಿದ್ದೇ ಪೈಥಾನ್‌ನ ಡಾಕ್ಯುಮೆಂಟೇಶನ್‌ಗಾಗಿ. ಸರಳ ಚಿಹ್ನೆಗಳಿಂದ ಬರೆಯುವ ಮಾರ್ಕ್‌ಡೌನ್ ರೂಢಿ ಇರುವವರಿಗೆ ಎಮ್‌ಕೆಡಾಕ್ಸ್ ಎಂಬ ಟೂಲ್ ಸುಲಭ. ಯಾವ ಟೂಲ್ ಅಂತ ಚರ್ಚೆ ಮಾಡುತ್ತಾ ಸುಮ್ನೆ ದಿನ ಕಳೆಯಬೇಡಿ. ಮೊದಲು ಪುಟಗಳ ಪಟ್ಟಿ ಮಾಡಿ.

ಫೈಲ್‌ಗಳು ಕೋಡ್ ಇರುವ ರೆಪೊಸಿಟರಿಯಲ್ಲೇ, ‘ಡಾಕ್ಸ್’ ಫೋಲ್ಡರ್‌ನಲ್ಲಿ ಇರಲಿ. ಆಗ ಒಂದು ಆಪ್ಶನ್‌ನ ಹೆಸರು ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ (ಬದಲಾವಣೆಯನ್ನು ಕೋಡ್‌ಗೆ ಸೇರಿಸಿ ಎಂಬ ಕೋರಿಕೆಯಲ್ಲೇ) ಅದರ ಪುಟವೂ ಬದಲಾಗಬೇಕು ಎಂದು ಕೇಳಬಹುದು. ವಿಕಿಯಲ್ಲಿ ಇಟ್ಟರೆ ಹೀಗೆ ಕೇಳುವುದು ಕಷ್ಟ. ಯಾವ ಪುಟ ಯಾವ ವರ್ಶನ್‌ದು ಎಂಬುದೂ ಕಳೆದುಹೋಗುತ್ತದೆ. ಡಾಕ್ಯುಮೆಂಟೇಶನ್ ಪ್ರಕಟಿಸುವ ತಾಣವಾದ ರೀಡ್ ದ ಡಾಕ್ಸ್‌ನಲ್ಲಿ ‘ಸ್ಟೇಬಲ್’ (ಬಿಡುಗಡೆಯಾದ ವರ್ಶನ್) ಮತ್ತು ‘ಲೇಟೆಸ್ಟ್’ (ಇನ್ನೂ ಕೆಲಸ ನಡೆಯುತ್ತಿರುವ ಕೋಡ್) ಎಂದು ಎರಡನ್ನೂ ಇಡಬಹುದು. ಹೊಸಬರು ಬಂದು ಇಳಿಯುವುದು ಸ್ಟೇಬಲ್‌ಗೆ ಆಗಿರಲಿ. ಇಲ್ಲದಿದ್ದರೆ ತಮ್ಮ ವರ್ಶನ್‌ನಲ್ಲಿ ಇಲ್ಲದ ಆಪ್ಶನ್ ಬಗ್ಗೆ ಓದಿ, ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಮುಖಪುಟ ಚಿಕ್ಕದಿರಲಿ. ಸಾಫ್ಟ್‌ವೇರ್ ಏನು ಮಾಡುತ್ತದೆ, ಯಾವ ಸಿಸ್ಟಮ್‌ಗಳಲ್ಲಿ ನಡೆಯುತ್ತದೆ, ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಲಿಂಕ್, ಇಷ್ಟು ಸಾಕು. ಪ್ರಾಜೆಕ್ಟ್‌ನ ಇತಿಹಾಸಕ್ಕೆ ಬೇರೆ ಪುಟ ಮಾಡಿ. ಸರ್ಚ್‌ನಿಂದ ಬಂದವರಿಗೆ ಯಾವ ಪುಟವಾದರೂ ಮೊದಲ ಪುಟ ಆಗಬಹುದು. ಅದಕ್ಕೇ ಪ್ರತಿ ಪುಟದ ತಲೆಯಲ್ಲಿ ಯಾವ ವರ್ಶನ್, ಮೊದಲೇ ಏನು ಸಿದ್ಧ ಇರಬೇಕು ಎಂದು ಹೇಳಿ.

ಪುಟಗಳನ್ನು ಜರುಗಿಸುವಾಗ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕಲೇಬೇಕು. ನಮ್ಮ ಕೆಲವು ಎರರ್ ಮೆಸೇಜ್‌ಗಳಲ್ಲೇ ಡಾಕ್ಯುಮೆಂಟೇಶನ್ ಲಿಂಕ್ ಇದೆ. ಬಿಡುಗಡೆಯಾದ ಹಳೆಯ ವರ್ಶನ್ ಯಾರದೋ ಸರ್ವರ್‌ನಲ್ಲಿ ಇನ್ನೂ ಓಡುತ್ತಿರುತ್ತದೆ. ಅದರಲ್ಲಿರುವ ಲಿಂಕನ್ನು ಬದಲಿಸುವುದು ನಮ್ಮ ಕೈಲಿಲ್ಲ. ಸ್ಫಿಂಕ್ಸ್‌ನ ‘ಲಿಂಕ್‌ಚೆಕ್’ ಪುಟಗಳೊಳಗಿನ ಮುರಿದ ಲಿಂಕ್‌ಗಳನ್ನು ಹಿಡಿದುಕೊಡುತ್ತದೆ.

ಕೊನೆಯ ಕೆಲಸ, ಪರೀಕ್ಷೆ. ಹೊಸ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ತೆರೆದು ಪುಟದ ಕಮಾಂಡ್‌ಗಳನ್ನು ಒಂದೊಂದಾಗಿ ಕಾಪಿ ಮಾಡಿ ಹಾಕಿ. ಆಮೇಲೆ ಈ ಸಾಫ್ಟ್‌ವೇರ್ ಗೊತ್ತಿಲ್ಲದ ಒಬ್ಬರಿಗೆ ಪುಟ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಅವರು ತಡವರಿಸಿದಾಗ ಬಾಯಿಬಿಟ್ಟು ಸಹಾಯ ಮಾಡಬೇಡಿ. ಎಲ್ಲಿ ತಡವರಿಸಿದರು ಎಂದು ಗುರುತು ಹಾಕಿಕೊಂಡು, ಆ ಸಾಲನ್ನು ಮತ್ತೆ ಬರೆಯಿರಿ.