ಕಮ್ಮಿ ದುಡ್ಡಲ್ಲಿ ಕಾಡಿಗೊಂದು ಚಾಕು: ನಾನು ಆರಿಸಿದ ಬಗೆ

ಚಾಕು ನೋಡೋಕೆ ಶುರು ಮಾಡುವ ಮುಂಚೆ, ಕಾಡಲ್ಲಿ ಅದರಿಂದ ನನಗೆ ಏನೇನು ಕೆಲಸ ಇದೆ ಅಂತ ಬರೆದಿಟ್ಟುಕೊಂಡೆ. ಹಗ್ಗ ಕತ್ತರಿಸುವುದು, ಗುಡಾರದ ಗೂಟ ಚೂಪು ಮಾಡುವುದು, ಒದ್ದೆ ಕಟ್ಟಿಗೆ ಸೀಳಿ ಒಳಗಿನ ಒಣ ಭಾಗ ತೆಗೆಯುವುದು, ಬೆಂಕಿ ಹಚ್ಚಲು ಸಿಬಿರು ಎಬ್ಬಿಸುವುದು, ಅಡುಗೆಗೆ ಹೆಚ್ಚುವುದು. ಇಷ್ಟೇ. ಕರಡಿ ಜೊತೆ ಕುಸ್ತಿ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ‘ಸರ್ವೈವಲ್’ ಅಂತ ಹೆಸರಿಟ್ಟು ಮಾರುವ ಅಗ್ಗದ ಚಾಕುಗಳನ್ನು ನೋಡಿ, ಅರ್ಧಕ್ಕರ್ಧ ಕುಸ್ತಿಗೇ ತಯಾರಾದ ಹಾಗಿರುತ್ತವೆ. ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಒಳಗೆ ಗಾಳ, ಬೆಂಕಿಕಡ್ಡಿ, ಸೂಜಿದಾರ.

ಇಲ್ಲಿ ನನ್ನ ಲೆಕ್ಕ ಸರಳ. ತಯಾರಕನ ಕೈಯಲ್ಲಿರುವ ದುಡ್ಡೇ ಸ್ವಲ್ಪ. ದಿಕ್ಸೂಚಿಗೆ, ಬಣ್ಣಕ್ಕೆ, ಹಲ್ಲಿಗೆ ಹೋದದ್ದೆಲ್ಲ ಉಕ್ಕಿನ ಪಾಲಿನಿಂದಲೇ ಹೋಗಿರುತ್ತದೆ. ದುಬಾರಿ ಚಾಕುವಿಗೆ ಅಲಂಕಾರ ಮಾಡಿದರೆ ತಡೆದುಕೊಳ್ಳುತ್ತದೆ. ಅಗ್ಗದ್ದಕ್ಕೆ ಮಾಡಿದರೆ ಅಲಗು ಸೊರಗುತ್ತದೆ. ಹಾಗಾಗಿ ನೋಡಲು ಸಪ್ಪೆಯಾಗಿರುವ ಚಾಕುಗಳನ್ನು ಮಾತ್ರ ನೋಡುವುದು ಅಂತ ತೀರ್ಮಾನಿಸಿದೆ. ಅರ್ಧ ಗೊಂದಲ ಅಲ್ಲೇ ಕಳೆಯಿತು.

ಮಡಚುವ ಚಾಕುವನ್ನೂ ಬಿಟ್ಟೆ. ಜೇಬಿಗೆ ಒಪಿನೆಲ್ ನಂಬರ್ 8 ಥರದ್ದು ಚೆನ್ನಾಗಿಯೇ ಇರುತ್ತದೆ, ತರಕಾರಿ ಹೆಚ್ಚೋಕಂತೂ ಅದೇ ಮೇಲು. ಆದರೆ ಮಡಚುವ ಕೀಲು ಕಟ್ಟಿಗೆ ಸೀಳುವ ಪೆಟ್ಟಿಗೆ ಮಾಡಿದ್ದಲ್ಲ. ಮರಳು ಸೇರಿದರೂ ಸತಾಯಿಸುತ್ತದೆ.

ಮಡಚದ ಚಾಕುವಿನಲ್ಲಿ ಮೊದಲ ಪ್ರಶ್ನೆ, ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅನ್ನುವುದು. ಇದಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯ ಕೊನೆತನಕ, ಹಿಡಿಯಷ್ಟೇ ಅಗಲವಾಗಿ ಹೋಗಿದ್ದರೆ ಫುಲ್ ಟ್ಯಾಂಗ್. ಪೊಳ್ಳು ಹಿಡಿಯ ಚಾಕುವಿನಲ್ಲಿ ಆ ಉಕ್ಕು ಹಿಡಿಯ ಬಾಯಲ್ಲೇ ಮುಗಿದುಬಿಡುತ್ತದೆ. ಅಗ್ಗದವು ಮುರಿಯುವುದು ಸರಿಯಾಗಿ ಅಲ್ಲೇ. ಹಾಗಂತ ಫುಲ್ ಟ್ಯಾಂಗ್ ಇಲ್ಲದ್ದೆಲ್ಲ ಕಸ ಅಂತ ಹೇಳುವವರ ಮಾತು ನಾನು ಒಪ್ಪಲ್ಲ. ಸ್ವೀಡನ್ನಿನ ಮೊರಾ ಕಂಪ್ಯಾನಿಯನ್ ಫುಲ್ ಟ್ಯಾಂಗ್ ಅಲ್ಲ. ಆದರೂ ಪ್ರಪಂಚದ ಎಷ್ಟೋ ಕಡೆ ಜನ ಅದನ್ನೇ ದಿನವಿಡೀ ದುಡಿಸುತ್ತಾರೆ. ಮಣಿಕಟ್ಟಿನ ದಪ್ಪದ ಕಟ್ಟಿಗೆ ಸೀಳಲು ಅಷ್ಟು ಸಾಕು. ಅದಕ್ಕಿಂತ ದಪ್ಪ ಮರಕ್ಕೆ ಚಾಕು ಹಿಡಿಯುವುದೇ ತಪ್ಪು, ಕೊಡಲಿ ಇರುವುದು ಯಾಕೆ?

ಉಕ್ಕಿನ ವಿಷಯದಲ್ಲಿ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನಾನು ನೋಡಿದ್ದು ಎರಡೇ ಸಂಗತಿ. ಮೊದಲನೆಯದು, ಉಕ್ಕಿನ ಪೂರ್ತಿ ಹೆಸರು ಬರೆದಿದೆಯಾ? ಬರೀ ‘ಸ್ಟೇನ್‌ಲೆಸ್’ ಅಂತಲೋ ‘ಸರ್ಜಿಕಲ್ ಸ್ಟೀಲ್’ ಅಂತಲೋ ಇದ್ದರೆ ಏನೂ ಹೇಳಿದ ಹಾಗಾಗಲಿಲ್ಲ. ಬರೀ ‘440’ ಅಂದರೂ ಅಷ್ಟೆ. 440ಎ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.7, 440ಸಿಯಲ್ಲಿ ಶೇ. 1ರ ಆಸುಪಾಸು. ಹರಿತ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರಲ್ಲಿ ಇವೆರಡಕ್ಕೂ ಒಳ್ಳೇ ಅಂತರವೇ ಇದೆ. 12ಸಿ27, 420ಎಚ್‌ಸಿ, 1095 ಅಂತ ನೆಟ್ಟಗೆ ಬರೆದಿದ್ದರೆ ಹುಡುಕಿ ನೋಡಬಹುದು. ಎರಡನೆಯದು ಹದ. ಒಂದೇ ಉಕ್ಕನ್ನು ಒಬ್ಬ ಸರಿಯಾಗಿ ಕಾಯಿಸಿ ಹದ ಮಾಡಿದರೆ ಚಾಕು, ಇನ್ನೊಬ್ಬ ಮಾಡಿದರೆ ತಗಡು. ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 56ರಿಂದ 58ರ ಸುತ್ತ ಅಂತ ತಯಾರಕರೇ ಹೇಳಿದ್ದರೆ ನನಗೆ ಸಮಾಧಾನ. ಹರಿತವೂ ನಿಲ್ಲುತ್ತದೆ, ಕಾಡಲ್ಲಿ ಕೂತು ಸಾಣೆ ಹಿಡಿಯಲೂ ಬರುತ್ತದೆ.

ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ? ಕಾರ್ಬನ್ ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. ರಾತ್ರಿ ಒದ್ದೆ ಒರೆಯಲ್ಲಿ ಬಿಟ್ಟರೆ ಬೆಳಿಗ್ಗೆ ಕಂದು ಚುಕ್ಕೆ ಬಂದಿರುತ್ತದೆ. ಒರೆಸಿ ಎಣ್ಣೆ ಸವರುವ ಶಿಸ್ತು ಇದ್ದವರಿಗೆ ಅದು ಸರಿ. ದಣಿದು ಬಂದು ಚೀಲ ಮೂಲೆಗೆ ಎಸೆಯುವ ನನ್ನಂಥವರಿಗೆ ಸ್ಟೇನ್‌ಲೆಸ್ಸೇ ವಾಸಿ.

ದಪ್ಪ ಅಲಗು ಅಂದರೆ ಗಟ್ಟಿ, ಗಟ್ಟಿ ಅಂದರೆ ಒಳ್ಳೆಯದು ಅಂತ ಮಾರಾಟಗಾರರು ನಂಬಿಸುತ್ತಾರೆ. 5 ಮಿ.ಮೀ. ದಪ್ಪದ ಅಲಗಲ್ಲಿ ಈರುಳ್ಳಿ ಹೆಚ್ಚಿ ನೋಡಿ. ಅದು ಹೆಚ್ಚಲ್ಲ, ಒಡೆಯುತ್ತದೆ. ನನ್ನ ಕೆಲಸಕ್ಕೆ 2.5ರಿಂದ 3.5 ಮಿ.ಮೀ. ದಪ್ಪ, 10-12 ಸೆಂ.ಮೀ. ಉದ್ದ ಸಾಕು ಅನ್ನಿಸಿತು. ಉದ್ದ ಜಾಸ್ತಿಯಾದಷ್ಟೂ ತುದಿ ಕೈಯ ಹತೋಟಿ ತಪ್ಪುತ್ತದೆ.

ಇನ್ನು ಹಿಡಿ. ನನ್ನ ಪ್ರಕಾರ ಚಾಕು ಆರಿಸುವುದರಲ್ಲಿ ಅರ್ಧ ಭಾಗ ಇದೇ, ಆದರೆ ಇದರ ಬಗ್ಗೆ ಮಾತಾಡುವವರು ಕಮ್ಮಿ. ಅಂಗಡಿಯಲ್ಲಿ ಅರ್ಧ ನಿಮಿಷ ಹಿಡಿದರೆ ಎಲ್ಲ ಹಿಡಿಯೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ನಾನು ಗೆಳೆಯರ ಚಾಕುಗಳನ್ನು ಇಸ್ಕೊಂಡು, ಒಂದು ಒಣ ಕೋಲನ್ನು ಸುಮ್ನೆ ಹೆರೆಯುತ್ತಾ ಕೂತೆ. ಹೆಬ್ಬೆರಳಷ್ಟು ದಪ್ಪದ ಕೋಲು. ಅಲಗನ್ನು ಓರೆಯಾಗಿ ಒತ್ತಿ, ಸಿಬಿರು ಉದುರದಂತೆ ಬುಡದಲ್ಲೇ ಬಿಟ್ಟು, ಒಂದರ ಪಕ್ಕ ಒಂದು ಸುರುಳಿ ಎಬ್ಬಿಸುತ್ತಾ ಹೋಗುವುದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಡಿಯ ಬಣ್ಣ ಬಯಲಾಗುತ್ತದೆ. ಒಂದರಲ್ಲಿ ಬೆರಳು ಕೂರಲೆಂದೇ ಕೊರೆದ ತಗ್ಗುಗಳಿದ್ದವು. ಅವು ಬೇರೆ ಯಾರದ್ದೋ ಬೆರಳಿನ ಅಳತೆ, ನನ್ನ ಕಿರುಬೆರಳು ಯಾವಾಗಲೂ ಏಣಿನ ಮೇಲೇ ಕೂರುತ್ತಿತ್ತು. ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನ ಎರಡು ಹೋಳು ಸೇರುವ ಗೆರೆ ಅಂಗೈಗೆ ಒತ್ತಿ ಕೆಂಪು ಬರೆ ಎಳೆಯಿತು. ಯಾವ ಕೊರೆತವೂ ಇಲ್ಲದ, ನಡುವೆ ಸ್ವಲ್ಪ ಉಬ್ಬಿದ, ಮೇಲೆ ರಬ್ಬರ್ ಹೊದಿಸಿದ ಸಾದಾ ಹಿಡಿ ಕೈಯಲ್ಲಿದ್ದದ್ದೇ ಗೊತ್ತಾಗಲಿಲ್ಲ. ಆಮೇಲೆ ಅಂಗೈಗೆ ನೀರು ಮತ್ತು ಸೋಪು ಹಚ್ಚಿಕೊಂಡು, ಅಲಗು ಒರೆಯಲ್ಲೇ ಇಟ್ಟು, ಹಿಡಿಯನ್ನು ಮುಂದಕ್ಕೆ ಒತ್ತಿ ನೋಡಿದೆ. ಬೆರಳು ಅಲಗಿನ ಕಡೆ ಜಾರಿದರೆ ಆ ಚಾಕು ಬೇಡ. ಹಿಡಿಯ ಮುಂದೆ ಸಣ್ಣ ತಡೆ ಇದ್ದರೆ ಒಳ್ಳೆಯದು ಅಂತ ಗೊತ್ತಾದದ್ದು ಆಗಲೇ.

ಕೊನೆಗೆ ಕೊಂಡದ್ದು ಮೊರಾ ಕಂಪ್ಯಾನಿಯನ್, ಸ್ಟೇನ್‌ಲೆಸ್ ಮಾದರಿ. ಅಲಗು 10 ಸೆಂ.ಮೀ.ಗಿಂತ ಚೂರು ಜಾಸ್ತಿ, ದಪ್ಪ 2.5 ಮಿ.ಮೀ. ಹೆಸರಾದ ಚಾಕುಗಳಿಗೆಲ್ಲ ನಕಲು ಬರುತ್ತದೆ. ಅದಕ್ಕೇ ತೀರಾ ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟು, ನಂಬಿಕೆಯ ಕಡೆ ತಗೊಂಡೆ.

ಮನೆಗೆ ಬಂದ ಮೇಲೆ ಮಾಡಿದ ಮೊದಲ ಪರೀಕ್ಷೆ ಬೆಳಕಿನದ್ದು. ದೀಪದ ಕೆಳಗೆ ಚಾಕುವಿನ ಬಾಯನ್ನು ಮೇಲೆ ಮಾಡಿ ಹಿಡಿದು, ನಿಧಾನಕ್ಕೆ ಅಲ್ಲಾಡಿಸಬೇಕು. ಹರಿತ ಇರುವ ಕಡೆ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿ ಚುಕ್ಕೆಯೋ ಗೆರೆಯೋ ಮಿಂಚಿದರೆ ಅಲ್ಲಿ ಮೊಂಡು ಅಥವಾ ಮುಕ್ಕು ಇದೆ. ತುದಿಯಿಂದ ಹಿಡಿಯ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿದರೆ ಅಲಗು ಸೊಟ್ಟಗಿದೆಯಾ ಅನ್ನುವುದೂ ತಿಳಿಯುತ್ತದೆ.

ಈ ಚಾಕುವಿನ ಒಂದು ಕೊರತೆ ಹೇಳಲೇಬೇಕು. ಅದರ ಬೆನ್ನಿನ ಅಂಚು ಚೂಪಾಗಿಲ್ಲ, ಹಾಗಾಗಿ ಫೆರೋ ರಾಡ್, ಅಂದರೆ ಬೆಂಕಿ ಹಚ್ಚಲು ಕೆರೆದು ಕಿಡಿ ಹಾರಿಸುವ ಲೋಹದ ಕಡ್ಡಿ, ಉಜ್ಜಿದರೆ ಕಿಡಿ ಸರಿಯಾಗಿ ಬರಲ್ಲ. ಕಿಡಿ ಹುಟ್ಟುವುದು ರಾಡಿನ ಪುಡಿ ಹೊತ್ತಿಕೊಂಡು, ಚಾಕುವಿನಿಂದ ಅಲ್ಲ. ಆ ಪುಡಿಯನ್ನು ಕೆರೆದು ತೆಗೆಯಲು ಗಟ್ಟಿಯಾದ ಚೂಪು ಅಂಚು ಬೇಕು, ಅಷ್ಟೇ. ಒಡೆದ ಗಾಜಿನ ಚೂರಾದರೂ ನಡೆಯುತ್ತದೆ. ನಾನು ಬೆನ್ನಿನ ಎರಡು ಸೆಂ.ಮೀ. ಭಾಗವನ್ನು ಡೈಮಂಡ್ ಪ್ಲೇಟಿನ (ವಜ್ರದ ಪುಡಿ ಹಚ್ಚಿದ ಸಾಣೆ ಹಲಗೆ) ಮೇಲೆ ನೆಟ್ಟಗೆ ಉಜ್ಜಿ, ಅಂಚನ್ನು 90 ಡಿಗ್ರಿಗೆ ತಂದೆ. ಚಾಕುವಿನ ಹರಿತವಾದ ಬಾಯಿಂದಲೇ ರಾಡ್ ಕೆರೆಯುವವರನ್ನು ನೋಡಿದ್ದೇನೆ. ಪಾಪ, ಆ ಚಾಕುವಿನ ಗತಿ.

ಒರೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಲೆಕೆಳಗು ಮಾಡಿ ಕೊಡವಿದರೆ ಚಾಕು ಬೀಳಬಾರದು, ಕೆಳಗೆ ನೀರು ಹೋಗಲು ತೂತು ಇರಬೇಕು. ಚರ್ಮದ್ದು ಚೆಂದ, ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಉಳಿದ ದುಡ್ಡಲ್ಲಿ ಸಾಣೆಕಲ್ಲು ತಗೊಂಡೆ. ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ (ಅಂಕಿ ದೊಡ್ಡದಾದಷ್ಟೂ ಕಲ್ಲು ನಯ). ಮೊರಾದ ಅಲಗಿಗೆ ಇರುವುದು ಸ್ಕ್ಯಾಂಡಿ ಇಳಿಜಾರು, ಅಂದರೆ ಎರಡೂ ಕಡೆ ಬಾಯಿಯ ತನಕ ಒಂದೇ ಅಗಲವಾದ ಸಪಾಟು ಪಟ್ಟಿ. ಆ ಪಟ್ಟಿಯನ್ನು ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿಯೇ ಕೂರುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ ಚಾಕು ಇಲ್ಲ. ಒಂದು ಕಡೆ ಉಜ್ಜುತ್ತಾ ಹೋದರೆ ಇನ್ನೊಂದು ಕಡೆ ಅಂಚಿನುದ್ದಕ್ಕೂ ಸಣ್ಣ ತರಕಲು ಏಳುತ್ತದೆ, ಬೆರಳನ್ನು ಅಡ್ಡಕ್ಕೆ ಸವರಿದರೆ ಸಿಗುತ್ತದೆ. ಅದು ಸಿಕ್ಕಾಗ ಮಗ್ಗುಲು ಬದಲಿಸಬೇಕು. ಕೊನೆಗೆ ಹಳೇ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಎಳೆದರೆ ಆಯ್ತು. ಕಾಗದದ ಅಂಚು ಹರಿಯದೆ ಕತ್ತರಿಸಿಹೋಗಬೇಕು.

ಕಟ್ಟಿಗೆ ಸೀಳುವಾಗ ಗಂಟಿಲ್ಲದ್ದನ್ನೇ ಆರಿಸಿಕೊಳ್ಳುತ್ತೇನೆ. ಕಟ್ಟಿಗೆಯ ಅಗಲ ಅಲಗಿನ ಉದ್ದಕ್ಕಿಂತ ಕಮ್ಮಿ ಇರಬೇಕು, ಹೊರಗೆ ಚಾಚಿದ ತುದಿಯ ಬೆನ್ನಿಗೆ ಕೋಲಿಂದಲೇ ಹೊಡೆಯಬೇಕು. ಸುತ್ತಿಗೆ, ಕಲ್ಲು ಬೇಡ. ಅಡ್ಡಕ್ಕೆ ತುಂಡರಿಸಲು ಮಡಚುವ ಸಣ್ಣ ಗರಗಸ ಒಂದು ಚೀಲದಲ್ಲಿರುತ್ತದೆ. ಬೆನ್ನ ಮೇಲೆ ಹಲ್ಲಿರುವ ಚಾಕುಗಳಿಗಿಂತ ಅದು ಎಷ್ಟೋ ಪಾಲು ಬೇಗ ಕೊಯ್ಯುತ್ತದೆ. ಇನ್ನು ಯಾವ ಊರಿಗೆ ಹೋದರೂ ಎಷ್ಟು ಉದ್ದದ ಅಲಗು ಒಯ್ಯಬಹುದು ಅನ್ನುವ ಅಲ್ಲಿನ ಕಾನೂನು ಮೊದಲೇ ನೋಡಿಕೊಳ್ಳಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ.