ಇಂಗ್ಲಿಷ್ ನಾಮಪದ: ಎಣಿಕೆ ತಿಳಿದರೆ ಅರ್ಧ ಕಷ್ಟ ಕಡಿಮೆ

ಕನ್ನಡ ಮಾಧ್ಯಮದಲ್ಲಿ ಓದಿ ಮುಂಬೈಗೆ ಬಂದು, ಹೋಟೆಲ್ ಕೌಂಟರಿನಲ್ಲೋ ಆಫೀಸಿನಲ್ಲೋ ಇಂಗ್ಲಿಷ್ ಬೇಕಾದವರು ಮೊದಲು ನಾಮಪದವನ್ನು, ಅಂದರೆ ನೌನ್ ಅನ್ನು, ಹಿಡಿದುಕೊಳ್ಳಿ. ವ್ಯಾಕರಣದ ಪುಸ್ತಕ ಆಮೇಲೆ ತೆರೆದರೂ ನಡೆಯುತ್ತದೆ. ಲೋಕಲ್ ಟ್ರೈನಿನಲ್ಲಿ, ಸ್ಟೇಷನ್ನಿನಲ್ಲಿ ಕಾಣುವ ಬೋರ್ಡುಗಳೇ ಸದ್ಯಕ್ಕೆ ಸಾಕು.

ಮೊದಲು ನಾಮಪದ ಯಾವುದೆಂದು ಗುರುತಿಸಿ. ವ್ಯಕ್ತಿ, ಜಾಗ, ವಸ್ತುವಿನ ಹೆಸರು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ 'ಡಿಲೇ', 'ಸೇಫ್ಟಿ' ಕೂಡ ನಾಮಪದಗಳೇ. ಅನುಮಾನ ಬಂದರೆ ಪದಕ್ಕೆ ಮೊದಲು 'ಮೈ' ಸೇರಿಸಿ ನೋಡಿ. 'ಮೈ ಟಿಕೆಟ್' ಸರಿ, 'ಮೈ ಅರೈವ್' ಆಗುವುದಿಲ್ಲ. ವಾಕ್ಯವನ್ನೂ ನೋಡಬೇಕು: 'ಮೈ ಬುಕ್' ಅಂದಾಗ ಬುಕ್ ನಾಮಪದ, 'ಬುಕ್ ಎ ಟಿಕೆಟ್' ಅಂದಾಗ ಕ್ರಿಯಾಪದ.

ಎರಡನೆಯದು ನಾಮಪದದ ಬಗೆ, ಅದು ಸುಲಭ. 'ಸ್ಟೇಷನ್' ಎಲ್ಲ ನಿಲ್ದಾಣಕ್ಕೂ ಸಲ್ಲುವ ರೂಢನಾಮ, 'ದಾದರ್' ಒಂದು ನಿಲ್ದಾಣಕ್ಕೆ ಇಟ್ಟ ಅಂಕಿತನಾಮ. ಅಂಕಿತನಾಮದ ಮೊದಲ ಅಕ್ಷರ ಕ್ಯಾಪಿಟಲ್. ವಾರ, ತಿಂಗಳುಗಳ ಹೆಸರಿಗೂ ಅಷ್ಟೇ. ಕನ್ನಡ ಲಿಪಿಯಲ್ಲಿ ಕ್ಯಾಪಿಟಲ್ ಇಲ್ಲವಲ್ಲ, ಅದಕ್ಕೇ ಮರೆತುಹೋಗುತ್ತದೆ.

ಮೂರನೆಯದಕ್ಕೆ ಜಾಸ್ತಿ ಸಮಯ ಕೊಡಿ. ಅದು ಎಣಿಕೆ. ಕನ್ನಡದಲ್ಲಿ 'ಎರಡು ಟಿಕೆಟ್ ಕೊಡಿ' ಅಂದರೆ ಮುಗಿಯಿತು, 'ಗಳು' ಬೇಕೆಂದಿಲ್ಲ. ಇಂಗ್ಲಿಷಿನಲ್ಲಿ 'ಟೂ ಟಿಕೆಟ್ಸ್' ಎನ್ನಲೇಬೇಕು. ಇದು ಗೊತ್ತಾದ ಮೇಲೆ ಎಲ್ಲದಕ್ಕೂ 'ಸ್' ಅಂಟಿಸುವವರೇ ಹೆಚ್ಚು: ಲಗೇಜಸ್, ಫರ್ನಿಚರ್ಸ್, ಇನ್ಫರ್ಮೇಷನ್ಸ್, ಅಡ್ವೈಸಸ್. ನಾಲ್ಕೂ ತಪ್ಪು. ಇಂಗ್ಲಿಷಿನಲ್ಲಿ ಇವು ನೀರು, ಅಕ್ಕಿಯಂತೆ ಎಣಿಸಲಾಗದವುಗಳ ಗುಂಪಿಗೆ ಸೇರಿದವು. ಇವುಗಳ ಮುಂದೆ ಒಂದು ಎನ್ನುವ 'ಎ' ಕೂಡ ಬರುವುದಿಲ್ಲ. ಎಣಿಸಲೇಬೇಕಾದರೆ 'ಟೂ ಪೀಸಸ್ ಆಫ್ ಲಗೇಜ್' ಅನ್ನಿ, ಇಲ್ಲವೇ ಸುಮ್ನೆ 'ಟೂ ಬ್ಯಾಗ್ಸ್' ಅನ್ನಿ. ಪ್ರಶ್ನೆಯೂ ಬದಲಾಗುತ್ತದೆ. ಬ್ಯಾಗಿಗೆ 'ಹೌ ಮೆನಿ', ಲಗೇಜಿಗೆ 'ಹೌ ಮಚ್'. ರುಪೀಸ್‌ಗೆ 'ಹೌ ಮೆನಿ', ಮನಿಗೆ 'ಹೌ ಮಚ್'.

ಹಾಗಾದರೆ ಮಾಟುಂಗಾದ ಹೋಟೆಲಿನಲ್ಲಿ 'ಟೂ ಕಾಫೀಸ್' ಅನ್ನುವುದು ತಪ್ಪೇ? ಅಲ್ಲ. ಅಲ್ಲಿ ಎಣಿಸುತ್ತಿರುವುದು ಲೋಟವನ್ನು. ಇನ್ನು 'ನ್ಯೂಸ್' ಕೊನೆಯಲ್ಲಿ 'ಸ್' ಇದ್ದರೂ ಅದು ಏಕವಚನ. 'ದಿ ನ್ಯೂಸ್ ಈಸ್ ಗುಡ್' ಎಂದೇ ಹೇಳಬೇಕು.

ಇಷ್ಟನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಡಿಕ್ಷನರಿಗಳಲ್ಲಿ ಸಾಮಾನ್ಯವಾಗಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಎಂಬ ಅಕ್ಷರ ಇರುತ್ತದೆ. 'ಸಿ' ಇದ್ದರೆ ಎಣಿಸಬಹುದು, 'ಯು' ಇದ್ದರೆ ಎಣಿಸುವಂತಿಲ್ಲ. ಎರಡೂ ಇದ್ದರೆ ಅರ್ಥ ನೋಡಿ. ಬರೆಯುವ ಕಾಗದವಾದರೆ 'ಪೇಪರ್' ಯು, ಬೆಳಗ್ಗೆ ಓದುವ ಪತ್ರಿಕೆಯಾದರೆ ಅದೇ ಪದ ಸಿ.