ಭಯ ಹುಟ್ಟಿಸುವ ಅನಿಮೇಷನ್ ಚಿತ್ರವನ್ನು ಮಗುವಿಗೆ ತೋರಿಸುವ ಮುನ್ನ

ಅನಿಮೇಷನ್ ಎಂದ ಮಾತ್ರಕ್ಕೆ ಚಿತ್ರವು ಎಳೆಯರಿಗೆ ತಕ್ಕುದೆಂದು ಭಾವಿಸಬಾರದು. ಮೊದಲು ಚಿತ್ರದ ಸೆನ್ಸಾರ್ ಪ್ರಮಾಣಪತ್ರವನ್ನು ಗಮನಿಸಿ: 2024ರ ನಿಯಮಗಳಂತೆ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ದರ್ಜೆಯನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆಂದು ವಿಂಗಡಿಸಲಾಗಿದೆ. ಆದರೆ ನಿಮ್ಮ ಮಗುವಿನ ಸ್ವಭಾವ ಅದಕ್ಕೆ ತಿಳಿಯದು. ಆದ್ದರಿಂದ ಚಿತ್ರವನ್ನು ನೀವೇ ಮುಂಚಿತವಾಗಿ ಪೂರ್ತಿ ನೋಡಿ. ರಾಕ್ಷಸ ಬರುವ ದೃಶ್ಯಕ್ಕಿಂತಲೂ ತಾಯಿಯೇ ಬೇರೆಯವಳಂತೆ ಕಾಣುವ ದೃಶ್ಯ ಮಕ್ಕಳನ್ನು ಹೆಚ್ಚು ಕಾಡುತ್ತದೆಂದು ನನಗನ್ನಿಸುತ್ತದೆ. 2009ರ ‘ಕೊರಲೈನ್’ ಚಿತ್ರದಲ್ಲಿ ತಾಯಿಯಂತೆಯೇ ಇರುವವಳಿಗೆ ಕಣ್ಣುಗಳ ಜಾಗದಲ್ಲಿ ಅಂಗಿಯ ಗುಂಡಿಗಳಿವೆ. ಐದು ವರ್ಷದ ಮಗುವಿಗೆ ಅದನ್ನು ನಾನು ತೋರಿಸಲಾರೆ.

ಶೃಂಗೇರಿ, ಕೊಪ್ಪದ ಕಡೆ ಯಕ್ಷಗಾನದ ರಾಕ್ಷಸ ಪಾತ್ರವಾದ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುವ ಮಕ್ಕಳು, ಸ್ವಲ್ಪ ಹೊತ್ತಿನಲ್ಲೇ ಬೆರಳ ಸಂದಿಯಿಂದ ಮತ್ತೆ ಇಣುಕುತ್ತಾರೆ. ಭಯವನ್ನು ತಾಳುವ ಧೈರ್ಯ ಆ ಮಡಿಲಿನಿಂದಲೇ ಬರುತ್ತದೆ. ಹಾಗಾಗಿ ಕೈಗೆ ಮೊಬೈಲು ಕೊಟ್ಟು ಅಡುಗೆಮನೆಗೆ ಹೋಗದೆ ಜೊತೆಯಲ್ಲೇ ಕುಳಿತುಕೊಳ್ಳಿ. ಮಳೆಗಾಲದ ರಾತ್ರಿ ಕರೆಂಟು ಹೋಗುವ ನಮ್ಮ ಮಲೆನಾಡಿನ ಮನೆಗಳಲ್ಲಿ ಇಂಥ ಚಿತ್ರಗಳನ್ನು ಹಗಲಿನಲ್ಲೇ ನೋಡುವುದು ಲೇಸು. ಮಗು ಕಿವಿ ಮುಚ್ಚಿಕೊಂಡರೆ ಅಥವಾ ಮಾತೇ ನಿಲ್ಲಿಸಿದರೆ ತಕ್ಷಣ ಚಿತ್ರವನ್ನು ನಿಲ್ಲಿಸಿ, ‘ಏನಾಯ್ತು ಪುಟ್ಟಾ?’ ಎಂದು ಕೇಳಿ. ‘ಅದೆಲ್ಲ ಸುಳ್ಳು, ಹೆದರಬೇಡ’ ಎಂದು ಗದರಬೇಡಿ. ರಾತ್ರಿ ಬೆಚ್ಚಿ ಏಳತೊಡಗಿದರೆ ಅಂಥ ಚಿತ್ರಗಳನ್ನು ಒಂದೆರಡು ವರ್ಷ ಮುಂದೂಡಿ.